ತಳದ ಹಲಗೆಗೆ ಅಂಟು ಹಚ್ಚಬೇಡಿ

ಮರದ ಉಪಕರಣ ಪೆಟ್ಟಿಗೆ ಮಾಡುವ ಬಗೆಗಿನ ನಿಮ್ಮ ಲೇಖನದಲ್ಲಿ ಡವ್‌ಟೇಲ್ (ಒಂದು ಹಲಗೆಯ ತುದಿಯ ಪಾರಿವಾಳದ ಬಾಲದಂಥ ಹಲ್ಲುಗಳನ್ನು ಇನ್ನೊಂದರ ಸಂದುಗಳಲ್ಲಿ ಕೂರಿಸುವ ಮೂಲೆ ಜೋಡಣೆ) ಕೂಡಿಸುವ ಭಾಗವನ್ನು ಸೊಗಸಾಗಿ ಬರೆದಿದ್ದೀರಿ ಸರ್. ಆದರೆ ಉಪಕರಣ ಪೆಟ್ಟಿಗೆಯ ತಳಕ್ಕೆ "ನಾಲ್ಕೂ ಕಡೆ ಅಂಟು ಹಚ್ಚಿ ಮೊಳೆ ಹೊಡೆಯಿರಿ" ಅಂದಿದ್ದೀರಲ್ಲ, ಸಕಲೇಶಪುರ, ಮೂಡಿಗೆರೆ ಕಡೆಯವರು ದಯವಿಟ್ಟು ಹಾಗೆ ಮಾಡಬೇಡಿ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಬೇಸಿಗೆಯಲ್ಲಿ 250 ಮಿ.ಮೀ. ಇದ್ದ ಸಿಲ್ವರ್ ಓಕ್ ಹಲಗೆ ಜುಲೈ ಮಳೆಗೆ 3-4 ಮಿ.ಮೀ. ಅಗಲವಾಗಬಹುದು. ಅಂಟಿನಲ್ಲಿ ಬಿಗಿದಿದ್ದರೆ ಅದು ಪಕ್ಕದ ಹಲಗೆಗಳನ್ನು ತಳ್ಳಿ, ಅಷ್ಟು ಕಷ್ಟಪಟ್ಟು ಕೂಡಿಸಿದ ಮೂಲೆಯನ್ನೇ ಬಿಡಿಸುತ್ತದೆ. ಮಳೆಗಾಲದಲ್ಲಿ ಮಾಡಿದ ಪೆಟ್ಟಿಗೆಯಾದರೆ ಮಾರ್ಚ್‌ನಲ್ಲಿ ಒಣಗಿ ತಳ ನಡುವೆಯೇ ಸೀಳುತ್ತದೆ.

ಬದಲಿಗೆ ಪಕ್ಕದ ಹಲಗೆಗಳ ಒಳಮೈಯಲ್ಲಿ, ಕೆಳ ಅಂಚಿನಿಂದ 10 ಮಿ.ಮೀ. ಮೇಲೆ, 6 ಮಿ.ಮೀ. ಅಗಲ, 6 ಮಿ.ಮೀ. ಆಳದ ಗ್ರೂವ್ (ಉದ್ದನೆಯ ಕಾಲುವೆಯಂಥ ತೋಡು) ತೆಗೆಯಿರಿ. ಡವ್‌ಟೇಲ್‌ನ ಬಾಲ ಇರುವ ಹಲಗೆಯಲ್ಲಿ ಅದನ್ನು ತುದಿಯವರೆಗೆ ಓಡಿಸದೆ ಮೂಲೆಗೆ ಮುಂಚೆಯೇ ಉಳಿಯಿಂದ ನಿಲ್ಲಿಸಿ, ಇಲ್ಲದಿದ್ದರೆ ಹೊರಗೆ ಚೌಕದ ತೂತು ಕಾಣುತ್ತದೆ. 12 ಮಿ.ಮೀ. ದಪ್ಪದ ತಳದ ಹಲಗೆಯ ಅಂಚನ್ನು 6 ಮಿ.ಮೀ.ಗೆ ಕೆತ್ತಿ, ಉಜ್ಜುಗೊರಡಿನಿಂದ ಸಮ ಮಾಡಿ ಅಂಟಿಲ್ಲದೆ ಕೂರಿಸಿ. ಬೇಸಿಗೆಯಲ್ಲಿ ಮಾಡುವವರು ಅಗಲದ ಎರಡೂ ಬದಿಗೆ ತಲಾ 2 ಮಿ.ಮೀ. ಜಾಗ ಬಿಡಲೇಬೇಕು. ಮಳೆಗಾಲದಲ್ಲಾದರೆ ಅರ್ಧ ಸಾಕು.

ಇನ್ನು "ತೋಟದ ಸಿಲ್ವರ್ ಓಕ್ ಕೊಯ್ಸಿ ತಕ್ಷಣ ಬಳಸಿ" ಅನ್ನುವುದೂ ಸರಿಯಲ್ಲ. ಒಂದಿಂಚಿನ ಹಲಗೆ ನೆರಳಿನಲ್ಲಿ, ನಡುವೆ ರೀಪು ಕೊಟ್ಟು, ಸುಮಾರು ಒಂದು ವರ್ಷವಾದರೂ ಒಣಗಬೇಕು. ಹುಳು ಹಿಡಿಯದಂತೆ ಬೋರಾಕ್ಸ್–ಬೋರಿಕ್ ಆಸಿಡ್ ದ್ರಾವಣದಲ್ಲಿ ಅದ್ದುವುದಿದ್ದರೆ ಹಲಗೆ ಹಸಿಯಿದ್ದಾಗಲೇ ಅದ್ದಿ. ಇಲ್ಲದಿದ್ದರೆ ಕೊರೆಯುವ ಹುಳು ಒಳಗೇ ತಿಂದು ಹಿಟ್ಟು ಮಾಡುತ್ತದೆ. ಹಳೆಯ ಮನೆ ಕೆಡವಿದಾಗ ಸಿಗುವ ತೇಗ ಅಥವಾ ಹಲಸು ಇದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ.