ತೊರಕೆಗೆ ಮರ್ಯಾದೆ ಗೊತ್ತಿಲ್ಲ

ಮನುಷ್ಯ ಹುಟ್ಟುವುದಕ್ಕೆ ಕೋಟ್ಯಂತರ ವರ್ಷ ಮೊದಲಿನಿಂದಲೂ ಸಮುದ್ರದಲ್ಲಿ ಸಂಸಾರ ಹೂಡಿಕೊಂಡಿದ್ದರೂ ತೊರಕೆ ಮೀನಿಗೆ, ಅಂದರೆ ಸ್ಟಿಂಗ್‌ರೇಗೆ, ಅತಿಥಿ ಸತ್ಕಾರ ಎಂಬುದು ಇನ್ನೂ ಬಂದಿಲ್ಲ. ನಾವು ರಜೆ ಹಾಕಿ, ಟಿಕೆಟ್ ಮಾಡಿಸಿ, ಮೈಗೆಲ್ಲ ಕ್ರೀಮು ಬಳಿದುಕೊಂಡು, ಮೊಣಕಾಲುದ್ದ ನೀರಿಗಿಳಿದು ಅದರ ಬೆನ್ನ ಮೇಲೆ ಪಾದ ಊರುತ್ತೇವೆ. ಬನ್ನಿ, ಆರಾಮಾ, ಎಂದು ವಿಚಾರಿಸುವುದು ಬಿಟ್ಟು ಈ ಪ್ರಾಣಿ ಬಾಲ ಎತ್ತಿ ಕಾಲಿಗೆ ಒಂದು ಇಕ್ಕುತ್ತದೆ. ಮರುದಿನದ ಸುದ್ದಿ: ‘ಪ್ರವಾಸಿಗನ ಮೇಲೆ ತೊರಕೆ ದಾಳಿ’. ಮರಳು ಹೊದ್ದು ಮಲಗಿದ್ದವರು ಯಾರು, ಮೇಲೆ ಬಂದು ನಿಂತವರು ಯಾರು ಎಂಬ ಸಣ್ಣಪುಟ್ಟ ವಿವರಗಳಿಗೆ ಅಲ್ಲಿ ಜಾಗ ಇರುವುದಿಲ್ಲ.

ದಾಳಿ ಮಾಡಬೇಕೆಂದು ಹೊರಟ ಪ್ರಾಣಿಯ ಮೈಕಟ್ಟು ಹೀಗಿರುತ್ತದೆಯೇ, ನೀವೇ ನೋಡಿ. ಕಣ್ಣು ಬೆನ್ನಿನ ಕಡೆ, ಬಾಯಿ ಹೊಟ್ಟೆಯ ಕಡೆ. ತಾನು ತಿನ್ನುವ ಏಡಿ, ಚಿಪ್ಪು, ಹುಳುಗಳ ಮುಖವನ್ನೂ ಅದು ನೋಡಲಾರದು. ವಾಸನೆ ಹಿಡಿದು, ಅವುಗಳ ಮೈಯಿಂದ ಹೊಮ್ಮುವ ಸಣ್ಣ ವಿದ್ಯುತ್ತನ್ನು ಗ್ರಹಿಸಿ ಹುಡುಕಿಕೊಳ್ಳಬೇಕು. ಮರಳಿನಲ್ಲಿ ಹೂತುಕೊಂಡಾಗ ಕಣ್ಣ ಹಿಂದಿನ ಎರಡು ರಂಧ್ರಗಳಿಂದ ನೀರೆಳೆದುಕೊಂಡು ಉಸಿರಾಡಬೇಕು. ಇದ್ದ ಒಂದೇ ಆಯುಧವೂ ಹಿಂದೆ, ಬಾಲದ ಮೇಲೆ. ಗರಗಸದಂತೆ ಹಲ್ಲುಗಳಿರುವ ಮುಳ್ಳು, ಹಲ್ಲಿನ ತುದಿಗಳೆಲ್ಲ ಹಿಮ್ಮುಖ, ಮೇಲೊಂದು ತೆಳು ಚರ್ಮದ ಹೊದಿಕೆ, ಅದರ ಕೆಳಗೆ ವಿಷದ ಅಂಗಾಂಶ. ಹಾವಿನ ಹಾಗೆ ವಿಷ ಇಳಿಸುವ ಸೂಜಿಯಿಲ್ಲ. ಮುಳ್ಳು ಒಳಹೊಕ್ಕಾಗ ಹೊದಿಕೆ ಹರಿದು ಎಷ್ಟು ಸೇರುತ್ತದೋ ಅಷ್ಟೇ. ಬೇಟೆಗೆ ಅದನ್ನು ಬಳಸುವುದೇ ಇಲ್ಲ. ಸುತ್ತಿಗೆತಲೆ ಶಾರ್ಕುಗಳು ಈ ಮೀನನ್ನು ತಿಂದು ತಿಂದು ಬಾಯಿ, ದವಡೆಯಲ್ಲೆಲ್ಲ ಮುಳ್ಳು ಸಿಕ್ಕಿಸಿಕೊಂಡು ತಿರುಗುತ್ತವೆ. ಅವು ಇದುವರೆಗೆ ಎಲ್ಲೂ ದೂರು ಕೊಟ್ಟಿಲ್ಲ.

ಮರ್ಯಾದೆ ಕಲಿಸಿದರೆ ಕಲಿಯುತ್ತದೆ ಎಂದು ನಂಬಿದವರೂ ಇದ್ದಾರೆ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಮೀನುಗಾರರು ಹವಳದಿಬ್ಬದ ಒಳಗಿನ ಶಾಂತ ನೀರಿನಲ್ಲಿ ದೋಣಿ ನಿಲ್ಲಿಸಿ, ಹಿಡಿದ ಮೀನನ್ನು ಹಸನು ಮಾಡಿ ಕರುಳು ಎಸೆಯುತ್ತಿದ್ದರು. ತೊರಕೆಗಳು ಬಂದು ತಿನ್ನುತ್ತಿದ್ದವು. ಅಲ್ಲಿಗೆ ಮುಗಿಯಬೇಕಾಗಿದ್ದ ಈ ವ್ಯವಹಾರಕ್ಕೆ 1980ರ ದಶಕದಲ್ಲಿ ಡೈವರುಗಳು ಕೈಹಾಕಿದರು, ಕೈಯಾರೆ ತಿನ್ನಿಸತೊಡಗಿದರು. ಈಗ ಅದು ಸ್ಟಿಂಗ್‌ರೇ ಸಿಟಿ. ಹಡಗುಗಟ್ಟಲೆ ಜನ ಬಂದು ಸೊಂಟದುದ್ದ ನೀರಿನಲ್ಲಿ ಸಾಲಾಗಿ ನಿಲ್ಲುತ್ತಾರೆ. ತೊರಕೆಗೆ ಮುತ್ತಿಟ್ಟರೆ ಏಳು ವರ್ಷ ಅದೃಷ್ಟವಂತೆ. ಬಾಯಿ ಕೆಳಗಿರುವುದರಿಂದ ಮುತ್ತು ಬೀಳುವುದು ಮೂತಿಯ ಮೇಲ್ಭಾಗಕ್ಕೆ. ಇದು ಪ್ರೇಮವೆಂದು ಆ ಕಡೆಯವರಿಗೆ ತಿಳಿಯುವ ಸಂಭವ ಕಡಿಮೆ. ಅದೃಷ್ಟ ಏಳು ವರ್ಷಕ್ಕೇ ಯಾಕೆ, ಆಮೇಲೆ ನವೀಕರಣಕ್ಕೆ ಮತ್ತೆ ಹಡಗು ಹತ್ತಬೇಕೇ, ಎಂದು ಕೇಳಿದರೆ ರಸಭಂಗ.

ತೊರಕೆಯ ಪಾಲಿನ ಅದೃಷ್ಟದ ಲೆಕ್ಕವನ್ನು ಸಂಶೋಧಕರು ಇಟ್ಟಿದ್ದಾರೆ. ಆ ಜಾತಿ ಸ್ವಭಾವತಃ ರಾತ್ರಿ ತಿರುಗಿ ಬೇಟೆಯಾಡುವಂಥದ್ದು. ದೋಣಿಗಳ ವೇಳಾಪಟ್ಟಿಗೆ ಹೊಂದಿಕೊಂಡು ಅಲ್ಲಿನವು ಹಗಲು ಪಾಳಿಗೆ ವರ್ಗವಾಗಿಬಿಟ್ಟಿವೆ. ಒಂಟಿಯಾಗಿ ಅಲೆಯಬೇಕಾದವು ಗುಂಪುಗೂಡಿ ಒಂದನ್ನೊಂದು ಕಚ್ಚುತ್ತವೆ, ಮೈಮೇಲೆ ಗಾಯ, ಪರೋಪಜೀವಿಗಳ ಕಾಟ. ನೀರಿನಿಂದ ಮೇಲೆತ್ತಬಾರದೆಂದು ಅಲ್ಲಿ ಕಾನೂನೂ ಇದೆ. ಎತ್ತದೆ ಮುತ್ತಿಡುವುದು ಹೇಗೆ, ಫೋಟೋ ಬೀಳುವುದು ಹೇಗೆ ಎಂಬುದನ್ನು ಮಾತ್ರ ಕಾನೂನು ಹೇಳುವುದಿಲ್ಲ.

ಮುದ್ದು ಮಾಡಿಸಿಕೊಳ್ಳದ ಪ್ರಾಣಿ ವೈರಿಯೇ ಆಗಬೇಕಲ್ಲ. 2006ರ ಸೆಪ್ಟೆಂಬರ್ 4ರಂದು, ಮೊಸಳೆಗಳನ್ನು ಹಿಡಿದು ಅಪ್ಪಿಕೊಂಡೇ ಜಗತ್ಪ್ರಸಿದ್ಧರಾಗಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್, ಕ್ವೀನ್ಸ್‌ಲ್ಯಾಂಡಿನ ಬ್ಯಾಟ್ ರೀಫ್‌ನಲ್ಲಿ ಚಿತ್ರೀಕರಣದ ವೇಳೆ ತೊರಕೆಯ ಮುಳ್ಳು ಎದೆಗೆ ಚುಚ್ಚಿ ತೀರಿಕೊಂಡರು. ವಯಸ್ಸು 44. ನೀರು ಆಳವಿರಲಿಲ್ಲ, ಇರ್ವಿನ್ ಅದರ ಹಿಂದೆ ಈಜುತ್ತಿದ್ದರು. ತನ್ನ ಮೇಲೆ ಬಿದ್ದ ನೆರಳನ್ನು ಅದು ಹುಲಿಶಾರ್ಕ್ ಎಂದು ತಿಳಿದಿರಬಹುದು ಎಂದು ಜೊತೆಗಿದ್ದ ಕ್ಯಾಮೆರಾಮನ್ ಎಷ್ಟೋ ವರ್ಷಗಳ ನಂತರ ಹೇಳಿದರು. ಇಂಥ ಸಾವು ತೀರಾ ಅಪರೂಪ. ತೊರಕೆ ಚುಚ್ಚಿಸಿಕೊಂಡವರಲ್ಲಿ ಬಹುಪಾಲು ಜನ ಪಾದ ಹಿಡಿದುಕೊಂಡು ಅರಚಿ, ಕುಂಟಿ, ಮನೆಗೆ ಹೋಗುತ್ತಾರೆ.

ನಗಬೇಕೋ ಅಳಬೇಕೋ ತಿಳಿಯದೇ ಹೋದದ್ದು ಆಮೇಲಿನ ಕಥೆಗೆ. ವಾರ ಕಳೆಯುವಷ್ಟರಲ್ಲಿ ಕ್ವೀನ್ಸ್‌ಲ್ಯಾಂಡಿನ ತೀರಗಳಲ್ಲಿ ಕನಿಷ್ಠ 10 ತೊರಕೆಗಳು ಸತ್ತುಬಿದ್ದಿದ್ದವು, ಕೆಲವುಗಳ ಬಾಲ ಕತ್ತರಿಸಲಾಗಿತ್ತು. ಅಭಿಮಾನಿಗಳ ಸೇಡು ಎಂಬ ಗುಮಾನಿ ಹಬ್ಬಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಜೀವಮಾನವಿಡೀ ‘ಹಾವನ್ನು ಕೊಲ್ಲಬೇಡಿ, ಮೊಸಳೆಯನ್ನು ಕೊಲ್ಲಬೇಡಿ’ ಎಂದು ಕೂಗಿಕೊಂಡವನಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಯಾವುದಿದ್ದೀತು? ಅವರೇ ಕಟ್ಟಿದ ವನ್ಯಜೀವಿ ಸಂಸ್ಥೆಯವರು ‘ಸ್ಟೀವ್ ಇದನ್ನು ಒಪ್ಪುತ್ತಿರಲಿಲ್ಲ’ ಎಂದು ಹೇಳಿಕೆ ಕೊಡಬೇಕಾಗಿ ಬಂತು. ಅಭಿಮಾನಿ ಎಂಬ ಪ್ರಾಣಿಯ ಮುಳ್ಳು ಬಾಲದಲ್ಲಿ ಇರುವುದಿಲ್ಲವಾದ್ದರಿಂದ ಗುರುತು ಹಿಡಿಯುವುದು ಕಷ್ಟ.

ಮುಳ್ಳಿಲ್ಲದವರ ಪಾಡೂ ಚೆನ್ನಾಗೇನಿಲ್ಲ. 2016ರ ಫೆಬ್ರವರಿಯಲ್ಲಿ ಅರ್ಜೆಂಟೀನಾದ ಸಾಂತಾ ತೆರೆಸಿತಾ ತೀರದಲ್ಲಿ ಜನ ಒಂದು ಡಾಲ್ಫಿನ್ ಮರಿಯನ್ನು ಕೈಯಿಂದ ಕೈಗೆ ದಾಟಿಸುತ್ತ ಚಿತ್ರ ತೆಗೆಸಿಕೊಂಡರು. ಮರಿ ಉಳಿಯಲಿಲ್ಲ. ಡಾಲ್ಫಿನ್ ಮುಖ ಸದಾ ನಗುವಂತೆ ಕಾಣುತ್ತದೆ, ಅದೇ ಅದರ ಗ್ರಹಚಾರ. ಇನ್ನು ಒಟ್ಟು ಲೆಕ್ಕ ಬೇಕಿದ್ದವರಿಗೆ: ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ ಬಳಗದ ಸಂಖ್ಯೆ 1970ರಿಂದೀಚೆಗೆ ಶೇ. 71ರಷ್ಟು ಕುಸಿದಿದೆ ಎಂದು 2021ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿತು. ಕಾರಣ ಮಿತಿಮೀರಿದ ಮೀನುಗಾರಿಕೆ. ನಮ್ಮ ಕಾಲಿಗೆ ಚುಚ್ಚಿದ್ದು ಮುಖಪುಟಕ್ಕೆ, ಇದು ಒಳಪುಟಕ್ಕೆ.

ಚುಚ್ಚಿಸಿಕೊಂಡವರ ಸುತ್ತ ದಡದಲ್ಲಿ ನೆರೆಯುವ ತಜ್ಞರ ಸಭೆಯ ಬಗ್ಗೆಯೂ ಒಂದು ಮಾತು. ಒಬ್ಬರು ಐಸ್ ಇಡಿ ಅನ್ನುತ್ತಾರೆ. ಇನ್ನೊಬ್ಬರು ಧೈರ್ಯ ಮಾಡಿ ಮುಳ್ಳನ್ನು ಎಳೆಯಲು ಕೂರುತ್ತಾರೆ. ಹಲ್ಲುಗಳು ಹಿಮ್ಮುಖವಾಗಿರುವುದರಿಂದ ಮಾಂಸವೂ ಜೊತೆಗೇ ಬರುತ್ತದೆ. ಎದೆ, ಹೊಟ್ಟೆ, ಕುತ್ತಿಗೆಗೆ ನೆಟ್ಟಿದ್ದರೆ ಅದನ್ನು ಮುಟ್ಟದೆ ಆಸ್ಪತ್ರೆಗೆ ಒಯ್ಯಬೇಕು. ಮೂರನೆಯವರು ಮೂತ್ರ ಚಿಕಿತ್ಸೆಯ ಪಂಡಿತರು, ಔಷಧ ಸ್ವತಃ ಒದಗಿಸಲೂ ಸಿದ್ಧ. ತೊರಕೆಯ ವಿಷ ಬಿಸಿಗೆ ಕೆಡುವ ಪ್ರೋಟೀನು. ತಾಳಬಹುದಾದಷ್ಟು ಬಿಸಿನೀರಿನಲ್ಲಿ, 45 ಡಿಗ್ರಿ ಸೆಲ್ಸಿಯಸ್ ದಾಟದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಕಾಲು ಇಳಿಬಿಟ್ಟರೆ ನೋವು ಇಳಿಯುತ್ತದೆ. ಪಂಡಿತರ ಔಷಧ 37 ಡಿಗ್ರಿಯದು, ಎಂಟು ಡಿಗ್ರಿ ಕೊರತೆ. ಒಂದೂವರೆ ಗಂಟೆ ಸರಬರಾಜು ಮಾಡುವುದಂತೂ ಯಾರಿಂದಲೂ ಆಗದ ಮಾತು. ನೋವು ಇಳಿದರೂ ವೈದ್ಯರ ಹತ್ತಿರ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದು ಕೀವಾಗುವುದುಂಟು. ಸಭೆಯ ಉಳಿದ ಸದಸ್ಯರು ವಿಡಿಯೋ ಮಾಡುತ್ತಿರುತ್ತಾರೆ. ನೀರು ಕಾಯಿಸಲು ಹೋದವರು ಯಾರೂ ಇಲ್ಲ.

ಇಷ್ಟೆಲ್ಲ ರಾದ್ಧಾಂತ ತಪ್ಪಿಸಲು ಉಪಾಯವೊಂದು ಇದ್ದೇ ಇದೆ. ಮರಳು ತಳದ ನೀರಿನಲ್ಲಿ ಹೆಜ್ಜೆ ಎತ್ತಿ ಇಡದೆ, ಪಾದವನ್ನು ತಳಕ್ಕೆ ಉಜ್ಜಿಕೊಂಡು ಸರಿಯುತ್ತ ನಡೆಯಬೇಕು. ಮರಳಿನ ಅದುರು ತೊರಕೆಗೆ ಮುಂಚೆಯೇ ತಿಳಿಯುತ್ತದೆ. ಖರ್ಚಿಲ್ಲ, ತರಬೇತಿ ಬೇಡ, ನೋಡುವವರಿಗೆ ಸ್ವಲ್ಪ ನಗು ಬರಬಹುದು ಅಷ್ಟೇ. ಆದರೂ ಇದಕ್ಕೆ ಜನಬೆಂಬಲ ಸಿಕ್ಕಿಲ್ಲ, ಸಿಗುವುದೂ ಇಲ್ಲ. ಹಾಗೆ ನಡೆದರೆ ಆ ಮೀನು ಮೆಲ್ಲಗೆ ಎದ್ದು ದೂರ ಹೊರಟುಹೋಗುತ್ತದೆ. ಅದು ಹೋದ ಮೇಲೆ ಸೆಲ್ಫಿ ಯಾರ ಜೊತೆ?