ಐದು ಪಾಯಿಂಟಿನಲ್ಲಿ ಮುಗಿಯದ ಮಾನ್ಯಖೇಟ

ಅಕ್ಕನ ಮಗ ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ಭಾನುವಾರ ಮನೆಗೆ ಬಂದಾಗ ಅವನ ನೋಟ್ಸ್ ತೆರೆದು ನೋಡಿದೆ. ‘ರಾಷ್ಟ್ರಕೂಟರ ಅವನತಿಗೆ ಕಾರಣಗಳು’ ಅಂತ ಕೆಂಪು ಶಾಯಿಯ ತಲೆಬರಹ. ಕೆಳಗೆ ಐದು ಸಾಲು: ದುರ್ಬಲ ಉತ್ತರಾಧಿಕಾರಿಗಳು, ಸತತ ಯುದ್ಧ, ಸಾಮಂತರ ದಂಗೆ, ಹೊರಗಿನ ದಾಳಿ, ವಿಶಾಲ ಸಾಮ್ರಾಜ್ಯ. ಹಿಂದಿನ ಪುಟದಲ್ಲಿ ಮೌರ್ಯರಿದ್ದರು. ಅವರಿಗೂ ಹೆಚ್ಚುಕಡಿಮೆ ಇವೇ ಐದು. ಗುಪ್ತರಿಗೂ ಇವೇ.

"ಅಲ್ಲೋ, ಹೆಸರು ಅಳಿಸಿಬಿಟ್ರ ಯಾವುದು ಯಾರದು ಅಂತ ನಿನಗs ಗೊತ್ತಾಗಂಗಿಲ್ಲಲ್ಲ!" ಅಂದೆ.

"ಮಾಮಾ, ಐದು ಪಾಯಿಂಟ್ ಬರದ್ರ ಸಾಕ್ರಿ, ಮಾರ್ಕ್ಸ್ ಬರ್ತಾವ."

ಅವನದೇನೂ ತಪ್ಪಿಲ್ಲ, ಮಾರ್ಕ್ಸ್ ಬರುವುದೂ ಖರೆ. ಆದರೆ ಅವತ್ತಿನಿಂದ ನನಗೆ ಒಂದೇ ಕಿರಿಕಿರಿ. ಅದನ್ನು ಇಲ್ಲಿ ಇಳಿಸಿಬಿಡುತ್ತೇನೆ. ಉದ್ದವಾದರೆ ಕ್ಷಮಿಸಿ.

ಮೊದಲು ಆ ‘ದುರ್ಬಲ ಉತ್ತರಾಧಿಕಾರಿ’ಯನ್ನೇ ಹಿಡಿಯೋಣ. 814ರಲ್ಲಿ ರಾಷ್ಟ್ರಕೂಟ ಅರಸ ಮೂರನೇ ಗೋವಿಂದ ತೀರಿಕೊಂಡಾಗ ಪಟ್ಟಕ್ಕೆ ಬಂದವನು ಇನ್ನೂ ಮೀಸೆ ಮೂಡದ ಹುಡುಗ. ಕೆಲವೇ ವರ್ಷಗಳಲ್ಲಿ ಸಾಮಂತರು ತಿರುಗಿಬಿದ್ದರು, ಸಿಂಹಾಸನವೇ ಅಲುಗಾಡಿತು. ಇದಕ್ಕಿಂತ ದುರ್ಬಲ ಅರಸ ಬೇಕೇ? ಆ ಹುಡುಗ ಬೇರೆ ಯಾರೂ ಅಲ್ಲ, ಅಮೋಘವರ್ಷ ನೃಪತುಂಗ. 64 ವರ್ಷ ಆಳಿದ. ಕವಿರಾಜಮಾರ್ಗ ಹುಟ್ಟಿದ್ದು, ಮಹಾವೀರಾಚಾರ್ಯ ಗಣಿತ ಬರೆದದ್ದು ಅವನ ಕಾಲದಲ್ಲಿ. 851ರ ಹೊತ್ತಿಗೆ ಅರಬ್ಬರ ಬರಹವೊಂದು ‘ಬಲ್ಹರಾ’ನನ್ನು, ಅಂದರೆ ವಲ್ಲಭರಾಜನನ್ನು, ಜಗತ್ತಿನ ನಾಲ್ವರು ದೊಡ್ಡ ಅರಸರಲ್ಲಿ ಒಬ್ಬ ಅಂತ ಎಣಿಸಿತು.

ಹುಡುಗ ಉಳಿದುಕೊಂಡದ್ದು ಹೇಗೆ? ಗುಜರಾತಿನಲ್ಲಿ ಆಳುತ್ತಿದ್ದ ದಾಯಾದಿ ಕರ್ಕ ದಂಗೆ ಅಡಗಿಸಿ ಅವನನ್ನು ಮತ್ತೆ ಕೂರಿಸಿದ. ಮುಂದೆ ಬನವಾಸಿಯ ಬಂಕೇಶ ಬೆನ್ನಿಗೆ ನಿಂತ. (ನಮ್ಮ ಬಂಕಾಪುರ ಅವನ ಹೆಸರಿನದು.) ಅಂದರೆ ಅರಸ ಗಟ್ಟಿಯೋ ಮೆತ್ತಗೋ ಅನ್ನುವುದು ಅಷ್ಟು ದೊಡ್ಡ ಮಾತಲ್ಲ. ಅವನ ಅನ್ನ ಉಂಡವರು ಅವನ ಕಡೆ ನಿಂತರೋ ಇಲ್ಲವೋ ಅನ್ನುವುದೇ ಮಾತು.

ಇನ್ನು ‘ಹೊರಗಿನ ದಾಳಿ’. 972ರಲ್ಲಿ ಮಾಳವದ ಪರಮಾರ ಅರಸ ಸೀಯಕ ಬಂದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವನ್ನು ಸೂರೆ ಮಾಡಿದ. ಆಗ ಪಟ್ಟದಲ್ಲಿದ್ದವನು ಖೊಟ್ಟಿಗ. ಧಾರಾನಗರಿಯ ಕವಿ ಧನಪಾಲ ತನ್ನ ತಂಗಿಗಾಗಿ ಒಂದು ಪ್ರಾಕೃತ ನಿಘಂಟು ಬರೆದು, ಮಾಳವರು ಮಾನ್ಯಖೇಟವನ್ನು ಲೂಟಿ ಮಾಡಿದ ವರ್ಷದಲ್ಲಿ ಇದನ್ನು ಮುಗಿಸಿದೆ ಅಂತ ಕೊನೆಗೆ ಸೇರಿಸಿದ್ದಾನೆ. ಕಾಲ ಹೇಳಲಿಕ್ಕೆ ಅವನಿಗೆ ಸಿಕ್ಕ ಗುರುತು ನಮ್ಮ ರಾಜಧಾನಿ ಸೂರೆಹೋದ ಸುದ್ದಿ. ಅದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆದರೆ ಸೀಯಕ ಹೊರಗಿನವನೇ? 949ರ ಅವನ ಹರಸೋಲ ತಾಮ್ರಪಟಗಳನ್ನು ನೋಡಿ. ಅವುಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿಯ ಹೆಸರು ಮೊದಲು, ಇವನ ಹೆಸರು ಆಮೇಲೆ. 23 ವರ್ಷದ ಹಿಂದೆ ತಲೆಬಾಗಿದ್ದ ಸಾಮಂತನೇ ಈಗ ಕೊಳ್ಳಿ ಹಿಡಿದು ಬಂದದ್ದು. ಮರುವರ್ಷ, 973ರಲ್ಲಿ, ಖೊಟ್ಟಿಗನ ನಂತರ ಪಟ್ಟಕ್ಕೆ ಬಂದ ಎರಡನೇ ಕರ್ಕನನ್ನು ಕೆಡವಿ ಕಲ್ಯಾಣ ಚಾಲುಕ್ಯರ ಮನೆತನ ಕಟ್ಟಿದ ತೈಲಪ ಯಾರು? ಈಗಿನ ವಿಜಯಪುರದ ಕಡೆಯ ತರ್ದವಾಡಿ ಸಾಸಿರ ಎಂಬ ನಾಡನ್ನು ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಕೃಷ್ಣನ ಕೈಯಿಂದಲೇ ಪಡೆದು ಆಳುತ್ತಿದ್ದವನು. ಅವನ ಹೆಂಡತಿ ಜಾಕವ್ವೆ ರಾಷ್ಟ್ರಕೂಟರ ಮನೆಯ ಮಗಳು.

ಹಿಂದಕ್ಕೆ ಹೋಗಿ. 753ರ ಸುಮಾರಿಗೆ ಬಾದಾಮಿ ಚಾಲುಕ್ಯ ಕೀರ್ತಿವರ್ಮನನ್ನು ಕೆಡವಿ ಈ ರಾಜ್ಯ ಶುರುಮಾಡಿದ ದಂತಿದುರ್ಗ? ಅವನೂ ಚಾಲುಕ್ಯರ ಸಾಮಂತನೇ. ಎರಡು ಶತಮಾನದಲ್ಲಿ ಚಕ್ರ ಒಂದು ಸುತ್ತು ಪೂರ್ತಿ ತಿರುಗಿತು. ಏಳಿಗೆ ಬೇರೆ ಅಧ್ಯಾಯ, ಅವನತಿ ಬೇರೆ ಅಧ್ಯಾಯ ಅಂತ ಓದುವವರಿಗೆ ಇದು ಕಾಣುವುದಿಲ್ಲ. ಯಾವ ಏಣಿ ಹತ್ತಿ ಇವರು ಮೇಲೆ ಬಂದರೋ ಅದನ್ನು ಒದೆಯಲು ಇವರಿಗೆ ಆಗುತ್ತಿರಲಿಲ್ಲ. ಅದರ ಮೇಲೇ ಅಟ್ಟ ನಿಂತಿತ್ತು.

ಆ ಏಣಿ ಕಣ್ಣಿಗೆ ಕಾಣಬೇಕೆಂದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಓದಬೇಕು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ತಮಿಳುನಾಡಿನ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಸಾಮಂತ, ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಮೂರನೇ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70, ಇಷ್ಟು ನಾಡುಗಳನ್ನು ಕೊಟ್ಟ. (ಹೆಸರಿನ ಜತೆಗಿನ ಅಂಕಿ ಹಳ್ಳಿಗಳ ಲೆಕ್ಕ ಅನ್ನುತ್ತಾರೆ.) ಅದೇ ಕಾಳಗದಲ್ಲಿ ಬೂತುಗನ ಮುಂದೆ ನಿಂತು ಕಾದಿದ ಮಣಲೇರನಿಗೆ ಬೂತುಗ "ಏನು ಬೇಕು ಕೇಳು" ಅಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿ! ಆ ನಾಯಿ ಮುಂದೆ ದೊಡ್ಡ ಹಂದಿಯ ಜತೆ ಸೆಣಸಿ, ಎರಡೂ ಸತ್ತವು. ಆತಕೂರಿನಲ್ಲಿ ಕಾಳಿಗೆ ವೀರಗಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು.

ನಾಯಿಯ ಕತೆ ಎಲ್ಲರೂ ಹೇಳುತ್ತಾರೆ, ನನಗೂ ಪ್ರೀತಿಯದೇ. ಆದರೆ ಅದೇ ಕಲ್ಲು ರಾಜ್ಯ ನಡೆಯುತ್ತಿದ್ದ ಬಗೆಯನ್ನೂ ಹೇಳುತ್ತದೆ. ಗೆಲ್ಲಬೇಕಾದರೆ ಸಾಮಂತನ ಪಡೆ ಬೇಕು, ಗೆದ್ದ ಮೇಲೆ ಅವನಿಗೆ ನಾಡು ಕೊಡಬೇಕು, ಅವನು ತನ್ನವರಿಗೆ ಊರು ಕೊಡಬೇಕು. ಪ್ರತಿ ಗೆಲುವಿಗೂ ಚಕ್ರವರ್ತಿಯ ಕೈಯಿಂದ ಒಂದಷ್ಟು ನೆಲ ಜಾರುತ್ತದೆ. 959ರಲ್ಲಿ ಕೃಷ್ಣ ತಮಿಳುನಾಡಿನ ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದ. ಅಲ್ಲಿಂದ ಹೊರಡಿಸಿದ ಕರ್ಹಾಡ ತಾಮ್ರಪಟವೇ ಹೇಳುವಂತೆ, ದಕ್ಷಿಣದ ನಾಡುಗಳನ್ನು ತನ್ನ ಆಶ್ರಿತರಿಗೆ ಹಂಚಲಿಕ್ಕೆ ಅಲ್ಲಿ ತಂಗಿದ್ದ. ಅವನ ಕನ್ನಡ ಶಾಸನ ಈಗಿನ ಮಧ್ಯಪ್ರದೇಶದ ಜೂರಾದಲ್ಲಿದೆ. ಅಷ್ಟು ದೂರ ಅವನ ಕೈ ಚಾಚಿತ್ತು. 967ರಲ್ಲಿ ಸತ್ತ. ಆರೇ ವರ್ಷದಲ್ಲಿ ಎಲ್ಲ ಮುಗಿಯಿತು. ಖೊಟ್ಟಿಗನನ್ನು ಬೈದು ಏನು ಪ್ರಯೋಜನ? ನನ್ನನ್ನು ಕೇಳಿದರೆ ಅವನತಿಯ ಅಧ್ಯಾಯವನ್ನು ತಕ್ಕೋಲದ ಗೆಲುವಿನಿಂದಲೇ ಶುರು ಮಾಡಬೇಕು.

ಫೇಸ್‌ಬುಕ್ಕಿನಲ್ಲಿ ವಾರಕ್ಕೊಮ್ಮೆ ಬರುತ್ತದಲ್ಲ, ‘ನಮ್ಮವರು ಕನೌಜನ್ನೇ ಗೆದ್ದಿದ್ದರು’ ಅಂತ. ಗೆದ್ದದ್ದು ನಿಜ, 916ರ ಸುಮಾರಿಗೆ ರಾಷ್ಟ್ರಕೂಟ ಮೂರನೇ ಇಂದ್ರ ಉತ್ತರದ ಆ ರಾಜಧಾನಿಗೆ ಹೋಗಿ ಗೆದ್ದ. ಗೆದ್ದು ವಾಪಸ್ ಬಂದ. ಆ ಎರಡನೇ ವಾಕ್ಯವನ್ನು ಯಾರೂ ಶೇರ್ ಮಾಡುವುದಿಲ್ಲ.

ಇಷ್ಟೆಲ್ಲ ಹೇಳಿ, ಮಳಖೇಡಕ್ಕೆ, ಅಂದರೆ ಹಳೆಯ ಮಾನ್ಯಖೇಟಕ್ಕೆ, ಹೋಗೋಣ ಬಾ ಅಂತ ಹುಡುಗನನ್ನು ಕರೆದೆ. ಸೇಡಂ ತಾಲ್ಲೂಕು, ಕಾಗಿಣಾ ನದಿಯ ದಂಡೆ, ಸುತ್ತ ತೊಗರಿ ಹೊಲ. ಅಲ್ಲಿಗೆ ಬರುವ ಬಹಳ ಜನ ಮಾಧ್ವ ಯತಿ ಟೀಕಾಚಾರ್ಯರ (ಜಯತೀರ್ಥರ) ವೃಂದಾವನ ನೋಡಲು ಬರುತ್ತಾರೆ, ನೃಪತುಂಗನಿಗಾಗಿ ಅಲ್ಲ. ಅವನ ಅರಮನೆ ಎಲ್ಲಿತ್ತು ಅಂತ ಕೇಳಿದರೆ ಬೆರಳು ಮಾಡಿ ತೋರಿಸಲು ಏನೂ ಇಲ್ಲ. "ಎಲ್ಲೋರದ ಕೈಲಾಸ ಕಟ್ಟಿಸಿದವರ ಊರು ಇದೇನ್ರಿ ಮಾಮಾ?" ಅಂದ. ಇದೇ ಅಂದೆ.

ಬರುವಾಗ ದಾರಿಯಲ್ಲಿ ರಾಷ್ಟ್ರಕೂಟರ ಕೊನೆಯ ಇಂದ್ರನ, ಅಂದರೆ ನಾಲ್ಕನೇ ಇಂದ್ರನ, ಕತೆ ಹೇಳಿದೆ. ಮೂರನೇ ಕೃಷ್ಣನ ಮೊಮ್ಮಗ, ಬೂತುಗನ ಮಗಳ ಮಗ. ಎಲ್ಲರೂ ಕೈಬಿಟ್ಟಾಗ ಅವನನ್ನು ಪಟ್ಟಕ್ಕೆ ಕೂರಿಸಲು ಹೆಣಗಿದವನು ಗಂಗ ಮಾರಸಿಂಹ, ಸೋದರಮಾವ. ಆಗಲಿಲ್ಲ. ಮಾವ ಬಂಕಾಪುರದಲ್ಲಿ ಸಲ್ಲೇಖನ, ಅಂದರೆ ಅನ್ನ ಬಿಟ್ಟು ಸಾವನ್ನು ಎದುರುನೋಡುವ ಜೈನ ವ್ರತ, ಹಿಡಿದು ಪ್ರಾಣ ಬಿಟ್ಟ. ಅಳಿಯ 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿ ಹಿಡಿದ. ಅಲ್ಲಿ ಚಿಕ್ಕಬೆಟ್ಟದ ಮೇಲೆ ಅವನ ಶಾಸನವಿದೆ. ಅದು ಅವನ ಯುದ್ಧಗಳಿಗಿಂತ ಅವನು ಚೆಂಡಾಟದಲ್ಲಿ ಎಂಥ ನಿಪುಣನಾಗಿದ್ದ ಅನ್ನುವುದನ್ನೇ ಮನಸಾರೆ ಹೊಗಳುತ್ತದೆ.