ಮೊದಲ ನೋಟದ ತೀರ್ಪು, ಕಥೆಗಾರರ ಕೈಚಳಕ

‘ನೋಡಿದ ತಕ್ಷಣ ಹೇಳಿಬಿಟ್ಟರಂತೆ!’ ಎನ್ನುವ ಕಥೆ ಯಾರಾದರೂ ಶುರು ಮಾಡಿದರೆ ನನಗೆ ಅನುಮಾನ ಮೂಡುತ್ತದೆ. ಕಥೆ ಸುಳ್ಳೆಂದಲ್ಲ, ಅದು ಕೆಲಸ ಮಾಡುವ ರೀತಿಯ ಬಗ್ಗೆ.

ಅರೆಕ್ಷಣದ ತೀರ್ಪಿನ ಶಕ್ತಿಯ ಬಗ್ಗೆ ಮಾಲ್ಕಮ್ ಗ್ಲ್ಯಾಡ್‌ವೆಲ್ ಬರೆದ, 2005ರಲ್ಲಿ ಬಂದ ‘ಬ್ಲಿಂಕ್’ ಪುಸ್ತಕ ಇಂಥ ಕಥೆಯಿಂದಲೇ ಆರಂಭವಾಗುತ್ತದೆ. ಅಮೆರಿಕದ ಗೆಟ್ಟಿ ವಸ್ತುಸಂಗ್ರಹಾಲಯಕ್ಕೆ ಪ್ರಾಚೀನ ಗ್ರೀಸಿನದೆಂದು ಹೇಳಲಾದ, ಆಳೆತ್ತರ ಮೀರಿದ ಅಮೃತಶಿಲೆಯ ಪ್ರತಿಮೆಯೊಂದು ಬರುತ್ತದೆ. ಭೂವಿಜ್ಞಾನಿ ಕಲ್ಲಿನ ಚೂರು ಪರೀಕ್ಷಿಸಿ, ಅದರ ಮೇಲ್ಪದರ ಹಾಗಾಗಲು ಶತಮಾನಗಳು ಬೇಕು ಎನ್ನುತ್ತಾರೆ. ತಿಂಗಳುಗಟ್ಟಲೆ ಪರಿಶೀಲನೆ ನಡೆದು ಖರೀದಿಗೆ ಒಪ್ಪಿಗೆಯಾಗುತ್ತದೆ. ಅತ್ತ ಕಲಾತಜ್ಞ ಥಾಮಸ್ ಹೋವಿಂಗ್ ಅದನ್ನು ಕಂಡಾಗ ಮೊದಲು ಹೊಳೆದ ಮಾತು ‘ತಾಜಾ’. ಎರಡೂವರೆ ಸಾವಿರ ವರ್ಷದ ಕಲ್ಲಿಗೆ ಹೇಳುವ ಮಾತೇ ಅದು?

ಓದುತ್ತಾ ನಾವು ಹೋವಿಂಗ್ ಪಕ್ಕದಲ್ಲಿ ನಿಂತಿರುತ್ತೇವೆ. ನಮ್ಮ ಕಣ್ಣೂ ಅಷ್ಟೇ ಚುರುಕು ಎನ್ನಿಸತೊಡಗುತ್ತದೆ. ಆತ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ನಡೆಸಿದವರು, ಜೀವನವಿಡೀ ಕಲಾಕೃತಿಗಳ ನಡುವೆಯೇ ಕಳೆದವರು ಎಂಬುದು ಕಥೆಯ ಓಟದಲ್ಲಿ ಹಿಂದೆ ಬೀಳುತ್ತದೆ. ಇನ್ನೊಂದು ವಿಷಯ: ಪ್ರತಿಮೆ ನಕಲಿಯೆಂದು ಇಂದಿಗೂ ಖಚಿತವಾಗಿಲ್ಲ. ‘ಕ್ರಿ.ಪೂ. ಸುಮಾರು 530, ಅಥವಾ ಆಧುನಿಕ ನಕಲಿ’ ಎಂಬರ್ಥದ ಫಲಕವನ್ನೇ ವರ್ಷಗಟ್ಟಲೆ ಅದರ ಪಕ್ಕದಲ್ಲಿ ಇಟ್ಟಿದ್ದರು. ನ್ಯಾಯವಾಗಿ ಹೇಳಬೇಕೆಂದರೆ, ನಿರಾಯುಧ ಅಮಡೌ ಡಿಯಾಲೊ ಮೇಲೆ 1999ರಲ್ಲಿ ನ್ಯೂಯಾರ್ಕ್ ಪೊಲೀಸರು 41 ಗುಂಡು ಹಾರಿಸಿದ ಪ್ರಸಂಗವೂ ಅದೇ ಪುಸ್ತಕದಲ್ಲಿದೆ. ಅವಸರದ ತೀರ್ಪಿನ ಆ ಭೀಕರ ಮುಖವನ್ನು ಗ್ಲ್ಯಾಡ್‌ವೆಲ್ ಮುಚ್ಚಿಟ್ಟಿಲ್ಲ. ಆದರೆ ಜನ ಇನ್ನೊಬ್ಬರಿಗೆ ಹೇಳುವುದು ಪ್ರತಿಮೆಯ ಕಥೆಯನ್ನೇ.

‘ಥಿಂಕಿಂಗ್, ಫಾಸ್ಟ್ ಆ್ಯಂಡ್ ಸ್ಲೋ’ ಪುಸ್ತಕದಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಹಿಡಿದ ದಾರಿ ಇದಕ್ಕೆ ತದ್ವಿರುದ್ಧ. ಬ್ಯಾಟು, ಚೆಂಡು ಸೇರಿ 1 ಡಾಲರ್ 10 ಸೆಂಟ್, ಚೆಂಡಿಗಿಂತ ಬ್ಯಾಟಿಗೆ 1 ಡಾಲರ್ ಹೆಚ್ಚು, ಚೆಂಡಿಗೆಷ್ಟು? ಹತ್ತು ಸೆಂಟ್ ಎಂದು ನಾಲಿಗೆಯ ತುದಿಗೆ ಬಂದುಬಿಡುತ್ತದೆ. ಸರಿಯುತ್ತರ ಐದು. ಗ್ಲ್ಯಾಡ್‌ವೆಲ್ ಬೆನ್ನು ತಟ್ಟಿದರೆ ಈತ ಕಿವಿ ಹಿಂಡುತ್ತಾರೆ. ಒಮ್ಮೆ ಪೆಚ್ಚಾದ ಓದುಗ ಮುಂದಿನ ನೂರಾರು ಪುಟಗಳನ್ನು ತಲೆಬಾಗಿ ಓದುತ್ತಾನೆ. ನನಗೆ ಹೊಗಳಿಕೆಗಿಂತ ಈ ಪೆಟ್ಟೇ ಇಷ್ಟ, ಆದರೆ ಇದೂ ಆಯ್ದು ತಂದ ಉದಾಹರಣೆಯೇ. ದಿನಸಿ ಅಂಗಡಿಯಲ್ಲಿ ಯಾರೂ ಹೀಗೆ ಬೆಲೆ ಹೇಳುವುದಿಲ್ಲ! ತಮಾಷೆಯೆಂದರೆ, ನಿಧಾನವಾಗಿ ಯೋಚಿಸಿ ಎಂದ 2011ರ ಆ ಪುಸ್ತಕದಲ್ಲೇ ಸಣ್ಣ ಪ್ರಯೋಗಗಳನ್ನು ಅತಿಯಾಗಿ ನಂಬಿದ ಅಧ್ಯಾಯವೊಂದಿದೆ. 2017ರಲ್ಲಿ ಕಾನೆಮನ್ ಅದನ್ನು ತಾವೇ ಒಪ್ಪಿಕೊಂಡರು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು 2009ರ ಲೇಖನವೊಂದು. ಅಗ್ನಿಶಾಮಕರ ಅಂತಃಪ್ರಜ್ಞೆಯನ್ನು ಎತ್ತಿಹಿಡಿದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಜೊತೆ ಕಾನೆಮನ್ ಕೂತು ಬರೆದದ್ದು. ಜಗಳವಾಡಲು ಕೂತವರು ಬಹುಪಾಲು ಒಪ್ಪಿಬಿಟ್ಟರು: ಕೆಲಸದಲ್ಲಿ ಒಂದು ಕ್ರಮವಿದ್ದು, ತಪ್ಪು ಒಪ್ಪು ಬೇಗ ತಿಳಿಯುವಂತಿದ್ದು, ಸಾಕಷ್ಟು ಅಭ್ಯಾಸವಾಗಿದ್ದರೆ ಮೊದಲ ಹೊಳಹನ್ನು ನಂಬಬಹುದು. ಚದುರಂಗದ ಪಟುವಿಗೆ ಇದು ಸರಿ. ಷೇರು ಯಾವಾಗ ಏರುತ್ತದೆಂದು ಟೀವಿಯಲ್ಲಿ ಹೇಳುವವನಿಗೆ ಅಲ್ಲ. ಇದರಲ್ಲಿ ಪ್ರತಿಮೆಯೂ ಇಲ್ಲ, ಒಗಟೂ ಇಲ್ಲ; ವಿಮಾನ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಇಂಥದ್ದನ್ನು ಯಾರೂ ಮಾರುವುದಿಲ್ಲ.